ಕೋವಿಯಿಲ್ಲದ ಕಾಲು ಮೈಲಿ

ಆ ಜಿಂಕೆಗೆ ಸೆನೆಟರ್ ಎಂದು ಹೆಸರಿಟ್ಟವನು ಪ್ರೆಸ್ಟನ್ ಗ್ಯಾರಿಕ್. ಜಿಂಕೆಯನ್ನು ಯಾರೂ ಕೇಳಿರಲಿಲ್ಲ. ಅದು ತನ್ನ ಪಾಡಿಗೆ ಓಕ್ ಕಾಯಿ ತಿಂದುಕೊಂಡು, ಹಳ್ಳದ ಇಳಿಜಾರಿನಲ್ಲಿ ಮಲಗೆದ್ದು ದಿನ ತಳ್ಳುತ್ತಿತ್ತು. ಪ್ರೆಸ್ಟನ್ ಸಾವಿರದ ಮುನ್ನೂರು ಮೈಲಿ ಆಚೆ ಫ್ಲೋರಿಡದಲ್ಲಿ ಈಜುಕೊಳ ಕಟ್ಟಿಸಿಕೊಡುವ ವ್ಯಾಪಾರಿ. ಇಲ್ಲಿ ಅಯೋವದಲ್ಲಿ ತಾನು ಕೊಂಡ ಕಾಡಿನ ಮರಗಳಿಗೆ ಕ್ಯಾಮೆರಾ ಕಟ್ಟಿಸಿ, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಸೆನೆಟರನ ದರ್ಶನ ಮಾಡುತ್ತಿದ್ದ.

ದರ್ಶನ ಮಾತ್ರ. ಅಯೋವದಲ್ಲಿ ಹೊರರಾಜ್ಯದವನು ಎಷ್ಟು ನೆಲ ಬೇಕಾದರೂ ಕೊಳ್ಳಬಹುದು. ಕೊಂಬಿನ ಜಿಂಕೆ ಹೊಡೆಯಲು ಪರವಾನಗಿ ಬೇಕೆಂದರೆ ಮಾತ್ರ ಚೀಟಿ ಎತ್ತುವ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಪ್ರೆಸ್ಟನ್ ಮೂರು ವರ್ಷದಿಂದ ಕಾಯುತ್ತಿದ್ದ. ಮುನ್ನೂರಿಪ್ಪತ್ತು ಎಕರೆಯ ಯಜಮಾನ ಅವನು, ಆದರೂ ಸೆನೆಟರ್ ಮೂಗಿನ ಮುಂದೆ ಬಂದು ನಿಂತರೆ ಕೈ ಕಟ್ಟಿಕೊಂಡು ನೋಡಬೇಕು. ಈ ಒಂದು ವಿಷಯಕ್ಕೆ ಲವಾನ್ ಹಿಕಲ್‌ಗೆ ಸರ್ಕಾರದ ಮೇಲೆ ಪ್ರೀತಿ ಉಕ್ಕಿ ಬರುತ್ತಿತ್ತು. ಬೇರೆ ಯಾವ ವಿಷಯಕ್ಕೂ ಬರುತ್ತಿರಲಿಲ್ಲ.

ಲವಾನ್‌ಗೆ ಐವತ್ತೆಂಟು. ಆರ್ಲೆಟ್ ಪೇಟೆಯ ಮಾಂಸದಂಗಡಿಯಲ್ಲಿ ಕೆಲಸ. ಬೇಟೆಯ ಕಾಲದಲ್ಲಿ ದಿನಕ್ಕೆ ಮೂವತ್ತು ಜಿಂಕೆಯ ಚರ್ಮ ಸುಲಿಯುತ್ತಾಳೆ. ಹಿಂಗಾಲಿನ ಬಳಿ ಚಾಕು ಆಡಿಸಿ, ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ, ಮೈಯ ಭಾರವನ್ನೆಲ್ಲ ಹಾಕಿ ಕೆಳಕ್ಕೆ ಜಗ್ಗಬೇಕು. ಬಲಗೈಯ ಎರಡು ಬೆರಳು ಬೆಳಿಗ್ಗೆ ಬಿಸಿನೀರಿನಲ್ಲಿ ಇಡುವ ತನಕ ಬಿಚ್ಚಿಕೊಳ್ಳುವುದಿಲ್ಲ. ಗಂಡ ತೀರಿಕೊಂಡು ಒಂಬತ್ತು ವರ್ಷ. ಊರಂಚಿನಲ್ಲಿ ಅರ್ಧ ಎಕರೆ, ಅದರ ಮೇಲೊಂದು ಟ್ರೇಲರ್ ಮನೆ. ಅವಳ ಅಪ್ಪನಿಗೂ ನೆಲ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ನೆಲ ಇಲ್ಲದಿದ್ದರೂ ಬೇಟೆ ಇತ್ತು.

ಡಿಸೆಂಬರಿನ ಮೊದಲ ಶನಿವಾರ ಬಂತೆಂದರೆ ಇಪ್ಪತ್ತೆರಡು ಜನ ಕಿತ್ತಳೆ ಬಣ್ಣದ ಕೋಟು ತೊಟ್ಟು ಪ್ರೂಯಿಟ್ ಮುದುಕನ ಕೊಟ್ಟಿಗೆಯ ಮುಂದೆ ಸೇರುತ್ತಿದ್ದರು. ಅರ್ಧ ಜನ ಸಾಲುಗಟ್ಟಿ, ಕೂಗುತ್ತ, ಸಿಳ್ಳೆ ಹಾಕುತ್ತ, ಒಬ್ಬರನ್ನೊಬ್ಬರು ಬೈಯುತ್ತ, ಅಡಗಿದ ಜಿಂಕೆಗಳನ್ನು ಎಬ್ಬಿಸಿ ಓಡಿಸಲು ಕಾಡು ಸೋವಿಕೊಂಡು ಬರುವವರು. ಉಳಿದವರು ಜಿಂಕೆ ಹಾಯುವ ಗಂಡಿಗಳಲ್ಲಿ ಕೋವಿ ಹಿಡಿದು ನಿಲ್ಲುವವರು. ಒಬ್ಬರ ಬೇಲಿ ದಾಟಿ ಇನ್ನೊಬ್ಬರ ಜಮೀನು, ಅದು ದಾಟಿ ಮತ್ತೊಬ್ಬರದು. ಸಂಜೆಯೊಳಗೆ ಏಳು ಜನರ ಕಾಡು ಸೋವಿ ಮುಗಿಯುತ್ತಿತ್ತು. ಹೊಡೆದವನಿಗೂ ಸೋವಿದವನಿಗೂ ಒಂದೇ ಪಾಲು. ಮಾರ್ಚ್ ತಿಂಗಳ ತನಕ ಯಾರ ಮನೆಯ ಫ್ರೀಜರೂ ಬರಿದಾಗುತ್ತಿರಲಿಲ್ಲ.

ಪ್ರೂಯಿಟ್ ಮುದುಕ ಸತ್ತ. ಮಕ್ಕಳು ಜಮೀನನ್ನು ಹರಾಜಿಗಿಟ್ಟರು. ಲವಾನ್ ಹದಿನಾಲ್ಕು ವರ್ಷ ಕೂಡಿಟ್ಟಿದ್ದಳು, ಮೂಲೆಯ ನಲವತ್ತು ಎಕರೆ ಸಿಕ್ಕರೆ ಸಾಕಿತ್ತು. ಹರಾಜಿನ ದಿನ ಒಳ್ಳೆ ಅಂಗಿ ಹಾಕಿಕೊಂಡು, ನಂಬರಿನ ಕಾರ್ಡು ಹಿಡಿದು, ಮುಂದಿನ ಸಾಲಿನಲ್ಲೇ ಕೂತಳು. ಎಕರೆಗೆ ಎರಡು ಸಾವಿರದ ಎಂಟುನೂರು ಡಾಲರು ಎಂದಾಗ ಕಾರ್ಡು ಎತ್ತಿದಳು. ಗೋಡೆಯ ಪಕ್ಕ ಫೋನು ಹಿಡಿದು ನಿಂತಿದ್ದ ಹೆಂಗಸೊಬ್ಬಳೂ ಕೈಯೆತ್ತಿದಳು. ಫೋನಿನ ಆ ತುದಿಯಲ್ಲಿ ಫ್ಲೋರಿಡ. ಲವಾನ್ ಎತ್ತಿದ ಕೈ ಇಳಿಸುವಷ್ಟರಲ್ಲಿ ಬೆಲೆ ನಾಲ್ಕು ಸಾವಿರ ದಾಟಿತ್ತು. ಕೊನೆಗೆ ಏಳು ಸಾವಿರದ ಆರುನೂರಕ್ಕೆ ನಿಂತಿತು, ಮುನ್ನೂರಿಪ್ಪತ್ತೂ ಒಂದೇ ಏಟಿಗೆ. ಕೊಂಡವನು ಆ ನೆಲವನ್ನು ಕಣ್ಣಾರೆ ಕಂಡಿರಲಿಲ್ಲ.

"ಅಕ್ಕಾವ್ರೇ, ಹಿಂದ್ಗಡೆ ಕಾಫಿ ಇಟ್ಟಿದೀವಿ, ತಗೊಂಡ್ಹೋಗಿ. ಅದು ಪುಕ್ಕಟೆ," ಎಂದ ಹರಾಜು ಕೂಗುವವನು.

ಜನ ನಕ್ಕರು. ಲವಾನೂ ನಕ್ಕಳು. ಮನೆಗೆ ಬಂದು ಪಾತ್ರೆ ತೊಳೆಯುವ ಸಿಂಕಿನ ಮುಂದೆ ನಿಂತು ಅತ್ತಳು.

ಆ ಬೆಲೆಯ ಸುದ್ದಿ ಹಬ್ಬಿದ್ದೇ ತಡ, ಉಳಿದವರ ಕಾಡೂ ಒಂದೊಂದಾಗಿ ಹೋಯಿತು. ಒಂದು ಜಾರ್ಜಿಯಾದ ಡಾಕ್ಟರಿಗೆ, ಒಂದು ಟೆಕ್ಸಸಿನ ವಕೀಲನಿಗೆ, ಒಂದು ಯಾರಿಗೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬೇಲಿಯ ಕಂಬಗಳ ಮೇಲೆಲ್ಲ ನೇರಳೆ ಬಣ್ಣದ ಪಟ್ಟಿ ಬಂತು. ಒಳಗೆ ಕಾಲಿಡಬೇಡ ಎಂದು ಅದರ ಅರ್ಥ. ಪ್ರೆಸ್ಟನ್ ತನ್ನ ಗೇಟಿಗೆ 'ಟೆನ್ ಪಾಯಿಂಟ್ ರಾಂಚ್', ಅಂದರೆ ಹತ್ತು ಕವಲಿನ ಕೊಂಬಿನ ಜಾಗ, ಎಂದು ಕಬ್ಬಿಣದಲ್ಲಿ ಕೊರೆದ ಬೋರ್ಡು ಹಾಕಿಸಿದ. ಊರವರು ಅದನ್ನು ಪ್ರೂಯಿಟ್ ಜಾಗ ಎಂದೇ ಕರೆಯುತ್ತಿದ್ದರು. ಅಷ್ಟಾದರೂ ಅವರ ಕೈಯಲ್ಲಿತ್ತು.

ಈಗ ಉಳಿದದ್ದು ಓಪಲ್ ಅತ್ತೆಗೆ ಗಂಡನ ಕಡೆಯಿಂದ ಬಂದ ನಲವತ್ತು ಎಕರೆ ಮಾತ್ರ. ಓಪಲ್ ಲವಾನಳ ಸೋದರತ್ತೆ, ಎಪ್ಪತ್ತೊಂಬತ್ತು ವರ್ಷದವಳು. ಅವಳ ಮನೆಗೆ ವಾರಕ್ಕೆರಡು ಕಾಗದ ಬರುತ್ತಿದ್ದವು, ನಿಮ್ಮ ಜಮೀನು ಮಾರುತ್ತೀರಾ ಎಂದು. ಇಪ್ಪತ್ತೆರಡು ಜನರ ತಂಡ ನಾಲ್ಕೂವರೆ ಜನಕ್ಕೆ ಇಳಿದಿತ್ತು. ಲವಾನ್, ಅವಳ ಚಿಕ್ಕಪ್ಪ ಡೆಲ್ಮರ್, ಕಿಂಬಲ್ ಗಂಡ ಹೆಂಡತಿ. ಅರ್ಧ ಅಂದರೆ ಓಪಲ್. ಅವಳು ಟ್ರಕ್ಕಿನಲ್ಲಿ ಕೂತು ಹಾರ್ನ್ ಒತ್ತಿ ಜಿಂಕೆ ಎಬ್ಬಿಸುತ್ತಾಳೆ, ಆಮೇಲೆ ಎಲ್ಲರಿಗೂ ಮಾಂಸ, ಕಾಳು ಹಾಕಿದ ಚಿಲ್ಲಿ ಸಾರು, ದಾಲ್ಚಿನ್ನಿ ರೋಲು ಬಡಿಸುತ್ತಾಳೆ.

ರೋಲಂಡ್ ಈಗ ಲೆಕ್ಕದಲ್ಲಿಲ್ಲ. ಅವನು ಓಪಲ್‌ಳ ಮಗ, ಲವಾನ್‌ಗಿಂತ ಆರು ವರ್ಷ ಚಿಕ್ಕವನು. ಒಂದು ಕಾಲಕ್ಕೆ ಸೋವುವ ಸಾಲಿಗೆ ಅವನೇ ಮುಂದಾಳು. ಪೇಟೆಯ ಕಾರ್ಖಾನೆ ಮುಚ್ಚಿದ ಮೇಲೆ ಎಂಟು ತಿಂಗಳು ಖಾಲಿ ಕೂತ. ಆಮೇಲೆ ಪ್ರೆಸ್ಟನ್ನನ ಜಮೀನು ಕಾಯುವ ಕೆಲಸ ಹಿಡಿದ. ನೇರಳೆ ಪಟ್ಟಿ ಬಳಿದದ್ದು ಅವನೇ. ಆವತ್ತಿನಿಂದ ಶನಿವಾರದ ಊಟಕ್ಕೆ ಅವನನ್ನು ಯಾರೂ ಕರೆದಿಲ್ಲ, ಹೆತ್ತ ತಾಯಿಯೂ ಕರೆದಿಲ್ಲ.

ಈ ಸಲದ ಶನಿವಾರ ಬೆಳಿಗ್ಗೆ ಎರಡು ಬೆರಳಿನಷ್ಟು ಹಿಮ ಬಿದ್ದಿತ್ತು. ಲವಾನ್ ಅತ್ತೆಯ ಜಮೀನಿನ ಮೂಲೆಯಲ್ಲಿ ಪ್ರೂಯಿಟ್ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕಿಂಬಲ್ ದಂಪತಿ ಆ ತುದಿಯಿಂದ ಸೋವಿಕೊಂಡು ಬಂದರು. ಹನ್ನೊಂದು ಜನ ಮಾಡುವ ಗದ್ದಲವನ್ನು ಇಬ್ಬರೇ ಮಾಡಬೇಕು, ಹಾಗಾಗಿ ಅವರು ಆ ವಾರದ ಮನೆ ಜಗಳವನ್ನು ಕಾಡಿನಲ್ಲೇ ಗಂಟಲು ಹರಿಯುವ ಹಾಗೆ ಆಡುತ್ತಿದ್ದರು. "ನಿಮ್ಮಮ್ಮ ಬಂದ್ರೆ ತಿಂಗ್ಳುಗಟ್ಲೆ ಕೂರ್ತಾಳೆ!" ಎಂದು ಗಂಡ ಕೂಗಿದ. "ನಿಮ್ಮಪ್ಪ ಬಂದ್ರೆ ಫ್ರಿಜ್ಜೇ ಖಾಲಿ!" ಎಂದು ಹೆಂಡತಿ ಕೂಗಿದಳು. ಓಪಲ್ ಹಾರ್ನ್ ಒತ್ತಿದಳು.

ಸೆನೆಟರ್ ಎದ್ದ.

ಹಿಂದಿನ ರಾತ್ರಿ ಅವನು ಅತ್ತೆಯ ಪೊದೆಯಲ್ಲಿ ಮಲಗಿದ್ದನಲ್ಲ, ಅದೇ ಅವನು ಮಾಡಿದ ತಪ್ಪು. ತಲೆ ತಗ್ಗಿಸಿ, ಹತ್ತು ಕವಲಿನ ಕೊಂಬು ಬೆನ್ನಿಗೆ ಒರಗಿಸಿ, ನೇರ ಲವಾನ್ ಕಡೆಗೇ ಬಂದ. ಅವಳು ಉಸಿರು ಹಿಡಿದಳು. ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಒಂದೇ ಈಡು ಹೊಡೆದಳು. ಜಿಂಕೆ ಕಾಲು ಝಾಡಿಸಿ, ಬಾಲ ಮಡಚಿ, ಅವಳ ಪಕ್ಕದಲ್ಲೇ ಬೇಲಿ ಹಾರಿ, ನೇರಳೆ ಪಟ್ಟಿಯ ಆಚೆ ಹಳ್ಳಕ್ಕೆ ಇಳಿದುಹೋಯಿತು. ಬಿಳಿ ನೆಲದ ಮೇಲೆ ರಕ್ತ ಸಾಲಾಗಿ ಬಿದ್ದಿತ್ತು.

ಡೆಲ್ಮರ್ ಕುಂಟುತ್ತ ಬಂದ. ಎಪ್ಪತ್ತನಾಲ್ಕು ವರ್ಷದ ಮೊಣಕಾಲು. ರಕ್ತ ನೋಡಿದ, ಬೇಲಿ ನೋಡಿದ.

"ಬಿತ್ತಾ?"

"ಬಿದ್ದಿರತ್ತೆ ಚಿಕ್ಕಪ್ಪ. ಪುಪ್ಪುಸದ ರಕ್ತ, ನೊರೆ ಬಂದಿದೆ."

"ಬಿದ್ದಿರೋ ಜಾಗ ಮಾತ್ರ ಚೆನ್ನಾಗಿಲ್ಲ ಕಣೇ."

"ಕಾನೂನು ಇದೆಯಲ್ಲ," ಎಂದು ಲವಾನ್ ಕೋವಿಯ ತೋಟಾ ತೆಗೆದು, ಕೋವಿಯನ್ನು ಅವನ ಕೈಗಿಟ್ಟಳು. ಹೊಡೆದ ಜಿಂಕೆ ಬೇರೆಯವರ ಜಮೀನಿಗೆ ಹೋಗಿ ಬಿದ್ದರೆ, ಕೋವಿಯಿಲ್ಲದೆ ಹೋಗಿ ತರಬಹುದು. ಅಯೋವದ ಕಾನೂನು ಹಾಗೆನ್ನುತ್ತದೆ. ಹೊರಗಿನಿಂದ ಬಂದವರು ಅದನ್ನು ತೆಗೆಸಲು ಓಡಾಡುತ್ತಿದ್ದಾರೆ ಎಂದು ಪೇಟೆಯಲ್ಲಿ ಸುದ್ದಿ, ಇನ್ನೂ ತೆಗೆದಿಲ್ಲ.

"ಚಾಕು ಇಟ್ಕೊಂಡಿದೀಯಲ್ಲ, ಅದು ಆಯುಧ ಅಂದ್ರೆ?"

"ಇದು ಅಡುಗೆಮನೆ ಸಾಮಾನು ಅಂತೀನಿ."

ಅವಳು ಹಗ್ಗ ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿದಳು. ಮೂರು ವರ್ಷದ ಮೇಲೆ ಆ ನೆಲಕ್ಕೆ ಕಾಲಿಟ್ಟದ್ದು. ಒಂದೊಂದು ಮರವೂ ಗುರುತಿತ್ತು. ಅಪ್ಪ ಕಾಲು ಜಾರಿ ಬಿದ್ದು ಹಲ್ಲು ಮುರಿದುಕೊಂಡ ಬಂಡೆ ಹಾಗೇ ಇತ್ತು. ಅವಳಿಗೆ ಸಿಟ್ಟು ಬಂತು. ತನ್ನ ಊರಿನ ಕಾಡಿನಲ್ಲಿ ತಾನು ಕಳ್ಳಿಯ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದೇನೆ ಎಂದು ಗೊತ್ತಾದಾಗ ತಲೆ ಎತ್ತಿ ನಡೆದಳು.

ಹಳ್ಳದ ತಳದಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಬೇಲಿಯಿಂದ ಕಾಲು ಮೈಲಿ. ಅವಳು ಮೊದಲು ಪರವಾನಗಿಯ ಚೀಟಿಯನ್ನು ಕೊಂಬಿಗೆ ಕಟ್ಟಿದಳು. ಆಮೇಲೆ ಅದರ ಕುತ್ತಿಗೆ ನೇವರಿಸಿದಳು. "ಒಳ್ಳೆ ಮೇಯ್ದಿದೀಯ ಕಣಪ್ಪ," ಎಂದಳು.

ನಾಲ್ಕು ಗಾಲಿಯ ಚಿಕ್ಕ ಮೋಟಾರು ಬಂಡಿ ಸದ್ದು ಮಾಡುತ್ತ ಬಂತು. ರೋಲಂಡ್ ಇಳಿದ. ಮೈಮೇಲೆ ಹಸಿರು ಜಾಕೆಟ್ಟು, ಎದೆಯ ಮೇಲೆ ಟೆನ್ ಪಾಯಿಂಟ್ ರಾಂಚ್ ಎಂದು ಕಸೂತಿ.

"ಅಕ್ಕಾ, ಹೋಗ್ಬಿಡೇ. ಧಣಿ ಫ್ಲೋರಿಡದಿಂದ ಬಂದಿದಾರೆ. ಈಡಿನ ಸದ್ದು ಕೇಳಿದ ತಕ್ಷಣ ಹೊರಟ್ರು."

"ಧಣಿ? ನಿನ್ನ ಬಾಯಲ್ಲಿ ಆ ಮಾತು ಬೇರೆ ಬರತ್ತಾ?"

"ಸಂಬ್ಳ ಕೊಡ್ತಾರಲ್ಲ ಮತ್ತೆ, ಏನಂತ ಕರೀಲಿ?"

ಅವಳು ಕೊಂಬಿಗೆ ಕಟ್ಟಿದ ಚೀಟಿಯ ಗಂಟನ್ನು ಇನ್ನಷ್ಟು ಬಿಗಿದಳು.

ಇನ್ನೊಂದು ಬಂಡಿಯಲ್ಲಿ ಪ್ರೆಸ್ಟನ್ ಬಂದ. ಐವತ್ತರ ಆಸುಪಾಸಿನ ಗಂಡಸು, ಬಿಸಿಲಿಗೆ ಬೆಂದ ಮುಖ, ಹೊಸ ಬೂಟು. ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಜಿಂಕೆಯನ್ನು ನೋಡಿದವನೇ ಹಿಮದಲ್ಲಿ ಮಂಡಿಯೂರಿ ಕೂತುಬಿಟ್ಟ.

"ಸೆನೆಟರ್," ಎಂದ. ಕಣ್ಣಲ್ಲಿ ನೀರು ತುಂಬಿತ್ತು.

"ಯಾರು?" ಎಂದಳು ಲವಾನ್.

"ನಾನು ಇದನ್ನ ಮರಿ ಇದ್ದಾಗಿಂದ ನೋಡ್ತಿದೀನಿ ಮೇಡಂ. ಇದಕ್ಕೆ ಅಂತ ಜೋಳ ಬೆಳೆಸಿದೀನಿ, ಸೋಯಾ ಬೆಳೆಸಿದೀನಿ. ನೀವು ನನ್ನ ಜಿಂಕೆ ಹೊಡೆದಿದೀರಿ."

"ನಮ್ಮತ್ತೆ ಜಮೀನಲ್ಲಿ ಮಲಗಿತ್ತು ಸ್ವಾಮಿ. ಮೈಮೇಲೆ ನಿಮ್ಮ ಹೆಸ್ರು ಬರ್ದಿರ್ಲಿಲ್ಲ."

ಪ್ರೆಸ್ಟನ್ ಎದ್ದ. ಕಣ್ಣು ಒರೆಸಿಕೊಂಡ. "ರೋಲಂಡ್, ಇದನ್ನ ಬಂಡಿಗೆ ಹಾಕು. ಮನೆಗೆ ತಗೊಂಡು ಹೋಗೋಣ. ಅಧಿಕಾರಿಗಳು ಬಂದು ತೀರ್ಮಾನ ಮಾಡ್ಲಿ."

ರೋಲಂಡ್ ಒಂದು ಹೆಜ್ಜೆ ಮುಂದಿಟ್ಟ.

ಲವಾನ್ ಜಿಂಕೆಯ ಮೇಲೆ ಕೂತಳು. ಯೋಚನೆ ಮಾಡಿ ಕೂತದ್ದಲ್ಲ. ಕಾಲು ತಾನಾಗಿ ಮಡಚಿತು, ಅಗಲವಾದ ಸೊಂಟ ಜಿಂಕೆಯ ಪಕ್ಕೆಯ ಮೇಲೆ ಊರಿತು. ಇನ್ನೂ ಬೆಚ್ಚಗಿತ್ತು.

"ಎತ್ತೋ ರೋಲಂಡ್. ಮೊದ್ಲು ನನ್ನ ಎತ್ತು. ನೂರಾ ತೊಂಬತ್ತು ಪೌಂಡ್ ಇದೀನಿ. ಆಮೇಲೆ ಇದನ್ನ ಎತ್ತು."

ರೋಲಂಡ್ ಇಟ್ಟ ಹೆಜ್ಜೆಯನ್ನು ವಾಪಸು ತೆಗೆದುಕೊಂಡ.

ಪ್ರೆಸ್ಟನ್ ಬೇಟೆ ಇಲಾಖೆಯ ವಾರ್ಡನ್ನನಿಗೆ ಫೋನು ಮಾಡಿದ. ಎಲ್ಲರಿಗೂ ಕೇಳುವ ಹಾಗೆ ಮಾಡಿ ಅಂಗೈ ಮೇಲಿಟ್ಟುಕೊಂಡ. ವಾರ್ಡನ್ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಆಕೆ ಹತ್ರ ಕೋವಿ ಇದೆಯಾ?"

"ಇಲ್ಲ. ಆದ್ರೆ ಜಿಂಕೆ ಮೇಲೆ ಕೂತಿದಾರೆ."

"ಚೀಟಿ ಕಟ್ಟಿದಾರಾ?"

"ಕಟ್ಟಿದೀನಪ್ಪಾ!" ಎಂದು ಲವಾನ್ ಕೂಗಿದಳು.

"ಹಾಗಾದ್ರೆ ಜಿಂಕೆ ಅವರದು ಸಾರ್. ತಗೊಂಡ್ಹೋಗ್ತಾರೆ, ಬಿಡಿ."

"ನನ್ನ ನೆಲದ ಮೇಲೆ ಅವರ ಗಾಡಿ ಬರಬಹುದಾ?"

"ಅದು ನಿಮ್ಮಿಷ್ಟ ಸಾರ್. ಗಾಡಿ ಬೇಡ ಅಂದ್ರೆ ಬೇಡ."

ಪ್ರೆಸ್ಟನ್ ಫೋನನ್ನು ಜೇಬಿಗಿಳಿಸಿದ. ಮುಖದ ಮೇಲಿನ ದುಃಖ ಹೋಗಿ ಲೆಕ್ಕಾಚಾರ ಬಂದಿತ್ತು. "ಗಾಡಿ ಬರೋ ಹಾಗಿಲ್ಲ. ಬೇಲಿ ಹತ್ರ ನಿಂತಿದಾರಲ್ಲ ನಿಮ್ಮವರು, ಅವರು ಯಾರೂ ಒಳಗೆ ಬರೋ ಹಾಗಿಲ್ಲ. ಬಂದ್ರೆ ಒಬ್ಬೊಬ್ಬರ ಮೇಲೂ ಕೇಸ್ ಹಾಕ್ತೀನಿ. ಹೊಡೆದವರು ನೀವು, ಎಳ್ಕೊಂಡು ಹೋಗೋರೂ ನೀವೇ. ಇನ್ನೊಂದು ಮಾತು, ಹೊಟ್ಟೆ ಇಲ್ಲಿ ಬಗೆಯೋ ಹಾಗಿಲ್ಲ. ನನ್ನ ಜಾಗ ಗಲೀಜಾಗ್ಬಾರ್ದು."

ಕರುಳು ತೆಗೆದರೆ ಕಾಲು ಭಾಗ ಭಾರ ಇಳಿಯುತ್ತದೆ. ಅದು ಅವನಿಗೂ ಗೊತ್ತಿತ್ತು.

"ರೋಲಂಡ್, ನೀನು ನನ್ನ ಫೋನ್ ತಗೊಂಡು ವಿಡಿಯೋ ತೆಗೀತಾ ಬಾ. ಏನಾದ್ರೂ ತಪ್ಪು ಮಾಡಿದ್ರೆ ನಂಗೆ ಸಾಕ್ಷಿ ಬೇಕು."

ರೋಲಂಡ್ ಅವನ ಫೋನು ಇಸಿದುಕೊಂಡು ಎತ್ತಿ ಹಿಡಿದ. ಅಕ್ಕನ ಮುಖ ನೋಡಲಿಲ್ಲ.

ಲವಾನ್ ಜಿಂಕೆಯ ಮುಂಗಾಲು ಎರಡನ್ನೂ ಎತ್ತಿ ಕೊಂಬಿಗೆ ಕಟ್ಟಿದಳು. ಹಾಗೆ ಕಟ್ಟಿದರೆ ಪೊದೆಗೆ ಸಿಕ್ಕಿಕೊಳ್ಳುವುದಿಲ್ಲ. ಕೊಂಬಿನ ಬುಡಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು, ಮುಂದಕ್ಕೆ ಬಾಗಿ ಎಳೆದಳು. ಜಿಂಕೆ ಅಲುಗಲಿಲ್ಲ. ಇನ್ನೊಮ್ಮೆ ಎಳೆದಳು. ಅಲುಗಿತು.

ಹತ್ತು ಹೆಜ್ಜೆ, ನಿಲ್ಲುವುದು. ಹತ್ತು ಹೆಜ್ಜೆ, ನಿಲ್ಲುವುದು. ಹಿಮ ಇದ್ದಲ್ಲಿ ಜಾರಿಕೊಂಡು ಬಂತು. ಎಲೆ ಇದ್ದಲ್ಲಿ ಹೂತುಕೊಂಡಿತು. ಹಗ್ಗ ಕೋಟಿನ ಮೇಲಿಂದಲೇ ಎದೆ ಕೊರೆಯಿತು. ಬಲಗೈಯ ಆ ಎರಡು ಬೆರಳು ಹಗ್ಗದ ಸುತ್ತ ಮಡಚಿಕೊಂಡು ಹಾಗೇ ನಿಂತುಬಿಟ್ಟವು, ಬಿಚ್ಚು ಅಂದರೂ ಬಿಚ್ಚುತ್ತಿರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡಳು. ಬೆವರು ಕಣ್ಣಿಗಿಳಿದು ಉರಿಯಿತು. ಮೂಗು ಸೋರಿತು. ಅವಳು ಒರೆಸಿಕೊಳ್ಳಲಿಲ್ಲ. ವಿಡಿಯೋದಲ್ಲಿ ಬರಲಿ.

ಪ್ರೆಸ್ಟನ್ ಪಕ್ಕದಲ್ಲೇ ನಡೆದು ಬರುತ್ತಿದ್ದ. ಅವಳು ಮೊದಲ ಸಲ ಮಂಡಿಯೂರಿದಾಗ ಹೇಳಿದ, "ಐನೂರು ಡಾಲರ್ ಮೇಡಂ. ಮಾಂಸ ನೀವೇ ಇಟ್ಕೊಳ್ಳಿ. ತಲೆ, ಕೊಂಬು ನನಗೆ ಕೊಡಿ."

"ಸ್ವಲ್ಪ ಪಕ್ಕಕ್ಕೆ ಸರೀತೀಯಪ್ಪಾ? ದಾರಿಗೆ ಅಡ್ಡ ನಿಂತಿದೀಯ."

ಬಿದ್ದ ಮರವೊಂದನ್ನು ಸುತ್ತು ಹಾಕಿ ಬಂದಾಗ, "ಎರಡು ಸಾವಿರ," ಎಂದ.

ಅವಳು ಮರಕ್ಕೆ ಒರಗಿ ಉಸಿರೆಳೆದುಕೊಂಡಳು. "ಈಜುಕೊಳದಲ್ಲಿ ಅಷ್ಟೊಂದು ಕಾಸಿದೆಯಾ? ಗೊತ್ತಿದ್ರೆ ನಾನೂ ಗುಂಡಿ ತೋಡ್ತಿದ್ದೆ."

ರೋಲಂಡ್‌ಗೆ ನಗು ಬಂತು. ಫೋನು ಅಲುಗಾಡಿತು.

"ಐದು ಸಾವಿರ," ಎಂದ ಪ್ರೆಸ್ಟನ್. ಈಗ ಅವನಿಗೂ ಏದುಸಿರು, ಬೂಟಿನೊಳಗೆ ನೀರು ಹೋಗಿತ್ತು. "ನಾನು ನಿಮಗೆ ಮೋಸ ಮಾಡ್ತಿಲ್ಲ ಮೇಡಂ. ನಿಮ್ಮಂಥೋರಿಗೆ ಐದು ಸಾವಿರ ಅಂದ್ರೆ ದೊಡ್ಡ ಮೊತ್ತ."

ನಿಮ್ಮಂಥೋರಿಗೆ. ಆ ಮಾತಿಗೆ ಅವಳ ಕಿವಿ ಬಿಸಿಯಾಯಿತು. ಬಾಯಿ ಬಿಟ್ಟರೆ ಏನು ಬರುತ್ತದೋ ಎಂದು ಹೆದರಿ, ಬಾಯಿ ಬಿಗಿಹಿಡಿದು ಇಪ್ಪತ್ತು ಹೆಜ್ಜೆ ಒಂದೇ ಉಸಿರಿಗೆ ಎಳೆದಳು.

ದೂರದಲ್ಲಿ ಬೇಲಿ ಕಂಡಿತು. ಕಿತ್ತಳೆ ಕೋಟುಗಳು ಸಾಲಾಗಿ ನಿಂತಿದ್ದವು. ಪ್ರೆಸ್ಟನ್ ದನಿ ತಗ್ಗಿಸಿದ.

"ಸರಿ, ದುಡ್ಡು ಬೇಡ ಅಂದ್ರಿ. ಇದು ಕೇಳಿ. ಕೊಂಬು ಕೊಟ್ರೆ ವರ್ಷಕ್ಕೆ ಎರಡು ದಿನ ನಿಮ್ಮ ತಂಡಾನ ಒಳಗೆ ಬಿಡ್ತೀನಿ. ಹೆಣ್ಣು ಜಿಂಕೆ ಮಾತ್ರ."

ಲವಾನ್ ನಿಂತಳು.

ಇದು ಬೇರೆ ಮಾತು. ಮುನ್ನೂರಿಪ್ಪತ್ತು ಎಕರೆ, ಎರಡು ದಿನ. ಐದಾರು ಜಿಂಕೆ ಖಂಡಿತ. ನ್ಯಾಯವಾಗಿ ಒಂದು ಮನೆಗೆ ಒಂದೂಕಾಲು. ಡೆಲ್ಮರ್ ಚಿಕ್ಕಪ್ಪ ಸಾಯುವ ಮೊದಲು ಇನ್ನೊಮ್ಮೆ ಆ ಹಳ್ಳದ ಗಂಡಿಯಲ್ಲಿ ನಿಲ್ಲಬಹುದು. ಅವಳ ಬಾಯಲ್ಲಿ ನೀರೂರಿತು, ನಾಚಿಕೆಯೂ ಆಯಿತು.

"ಹೇಗೆ ಬಿಡ್ತೀರಿ?" ಎಂದಳು.

ಪ್ರೆಸ್ಟನ್‌ಗೆ ಉತ್ಸಾಹ ಬಂತು. "ಮೊದಲು ಎಲ್ಲರೂ ಒಂದು ಪತ್ರಕ್ಕೆ ಸಹಿ ಹಾಕ್ಬೇಕು. ಗೇಟಲ್ಲಿ ರೋಲಂಡ್ ನಿಮ್ಮ ಚೀಲ ಎಲ್ಲ ನೋಡ್ತಾನೆ. ಕೈಗೊಂದು ಪಟ್ಟಿ ಕಟ್ತಾನೆ, ಆಸ್ಪತ್ರೆಲಿ ಕಟ್ತಾರಲ್ಲ, ಆ ಥರ. ಯಾರು ಎಲ್ಲಿ ನಿಲ್ಬೇಕು ಅಂತ ನಾನು ಹೇಳ್ತೀನಿ. ಗದ್ದಲ ಮಾಡೋ ಹಾಗಿಲ್ಲ, ಗಂಡು ಜಿಂಕೆಗಳು ಹೆದರ್ತವೆ. ನಾಲ್ಕು ಗಂಟೆಗೆ ಹೊರಗೆ. ಅಷ್ಟೇ."

ರೋಲಂಡ್ ಓಪಲ್‌ಳ ಕೈಚೀಲ ತಡಕುವುದು ಲವಾನಳ ಕಣ್ಣಿಗೆ ಕಟ್ಟಿತು. ಎಪ್ಪತ್ತನಾಲ್ಕರ ಡೆಲ್ಮರ್ ಕೈ ಮುಂದೆ ಚಾಚಿ ಪಟ್ಟಿ ಕಟ್ಟಿಸಿಕೊಳ್ಳುವುದು ಕಂಡಿತು. ಅವನು ಕಟ್ಟಿಸಿಕೊಳ್ಳುತ್ತಾನೆ ಕೂಡ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಬೇಡ," ಎಂದಳು.

"ಯೋಚನೆ ಮಾಡಿ."

"ಮಾಡ್ದೆ. ನಮ್ಮಪ್ಪ ಗಂಟ್ಲು ಹರ್ಕೊಂಡು ಕೂಗ್ತಾ ಸೋವಿರೋ ಕಾಡಿದು. ಇದ್ರೊಳಗೆ ನಾನು ಕೈಗೆ ಪಟ್ಟಿ ಕಟ್ಕೊಂಡು, ಬಾಯಿ ಮುಚ್ಕೊಂಡು ಬರಲ್ಲ. ನಮ್ಮೋರನ್ನೂ ಹಾಗೆ ಬರಕ್ಕೆ ಬಿಡಲ್ಲ. ಕೊಂಬು ನಂದು, ನಡಿ."

ಬೇಲಿಗೆ ಮೊದಲು ಒಂದು ಏರು ಇದೆ. ಜೇಡಿ ಮಣ್ಣು, ಎರಡಾಳೆತ್ತರ. ಅವಳು ಹತ್ತಿದಳು, ಜಾರಿದಳು. ಜಿಂಕೆ ಅವಳನ್ನೇ ಕೆಳಕ್ಕೆ ಎಳೆದುಕೊಂಡು ಹೋಯಿತು. ಎರಡನೇ ಸಲ ಮಂಡಿಯ ಮೇಲೆ ಹತ್ತಿದಳು. ಅರ್ಧದಲ್ಲಿ ಬೂಟು ಕಿತ್ತು ಬಂತು, ಮತ್ತೆ ಜಾರಿದಳು. ಮೂರನೇ ಸಲ ಮುಖ ಅಡಿಯಾಗಿ ಬಿದ್ದಳು. ಬಾಯೊಳಗೆ ಮಣ್ಣು. ಬೇಲಿಯ ಆಚೆ ಡೆಲ್ಮರ್ ಕೂಗಿದ, "ನಾನ್ ಬರ್ತೀನಿ ಕಣೇ! ಕೇಸ್ ಹಾಕ್ಕೊಂಡ್ರೆ ಹಾಕ್ಕೊಳ್ಲಿ!"

"ಅಲ್ಲೇ ನಿಂತ್ಕೋ ಚಿಕ್ಕಪ್ಪ!" ಎಂದು ಲವಾನ್ ಮಣ್ಣು ಉಗುಳಿದಳು. "ನಿನ್ನ ಮಂಡಿ ಮುರಿದ್ರೆ ನಿನ್ನನ್ನೂ ನಾನೇ ಎಳೀಬೇಕು!"

"ಹತ್ತಿರದಿಂದ ತೆಗಿ ರೋಲಂಡ್, ಮುಖ ಕಾಣ್ಬೇಕು," ಎಂದ ಪ್ರೆಸ್ಟನ್.

ರೋಲಂಡ್ ಧಣಿಯ ಹತ್ತಿರ ಬಂದ. ಫೋನನ್ನು ಪ್ರೆಸ್ಟನ್ನನ ಜೇಬಿಗೆ ಇಳಿಬಿಟ್ಟ. ಏರು ಇಳಿದು, ಅಕ್ಕನ ಪಕ್ಕ ಬಂದು, ಹಗ್ಗಕ್ಕೆ ಕೈ ಹಾಕಿದ.

"ರೋಲಂಡ್. ನಿನ್ನ ಕೆಲಸ ಏನು ಅಂತ ನೆನಪಿದೆಯಾ?"

"ಇದೆ ಸಾರ್. ಗೇಟು, ಬೇಲಿ, ಕ್ಯಾಮೆರಾ, ಬಿಯರ್ ಪೆಟ್ಟಿಗೆಗೆ ಐಸ್ ತುಂಬೋದು. ನಮ್ಮಕ್ಕ ಮಣ್ಣು ತಿನ್ನೋದನ್ನ ಹಿಡಿಯೋದು ಅದ್ರಲ್ಲಿ ಇರ್ಲಿಲ್ಲ." ಆಮೇಲೆ ಅವಳ ಕಡೆ ತಿರುಗಿದ. "ಬೂಟ್ ಹಾಕ್ಕೊಳೇ. ಮೂರು ಅಂದಾಗ ಎಳಿ."

ಅವರು ಎಳೆದರು. ಮೂರಕ್ಕೂ ಬರಲಿಲ್ಲ, ಆರಕ್ಕೂ ಬರಲಿಲ್ಲ. ರೋಲಂಡ್ ಹಳೆಯ ಸೋವಿನ ಕೂಗು ಹಾಕಿದ. ಬೇಲಿಯ ಆಚೆ ನಿಂತವರು ತಮಗೆ ಗೊತ್ತಿಲ್ಲದೆಯೇ ಅದಕ್ಕೆ ದನಿಗೂಡಿಸಿದರು. ಜಿಂಕೆ ಏರು ಹತ್ತಿತು.

ಬೇಲಿಯ ತಂತಿಯ ಕೆಳಗಿಂದ ಜಿಂಕೆಯನ್ನು ದೂಡಿದ ಮೇಲೆ ಲವಾನ್ ಅತ್ತೆಯ ನೆಲದಲ್ಲಿ ಅಂಗಾತ ಬಿದ್ದುಕೊಂಡಳು. ರೋಲಂಡ್ ಬೇಲಿಯ ಆಚೆಯೇ ನಿಂತ. ಯಾರೂ ಅವನನ್ನು ಈಚೆಗೆ ಕರೆಯಲಿಲ್ಲ.

"ಒಳಗೆ ಬಿಡ್ತೀನಿ ಅಂದ," ಎಂದಳು ಲವಾನ್ ಆಕಾಶ ನೋಡುತ್ತ. "ವರ್ಷಕ್ಕೆ ಎರಡು ದಿನ. ಕೊಂಬು ಕೊಟ್ರೆ. ನಾನು ಬೇಡ ಅಂದೆ."

ಓಪಲ್ ಟ್ರಕ್ಕಿನಿಂದ ಇಳಿದು ಬಂದಳು. "ನಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ಕಣೇ."

"ಕೇಳ್ಬೇಕಿತ್ತು ಅತ್ತೆ."

"ಎರಡು ದಿನ ಅಂದ್ರೆ ಎರಡು ದಿನ. ಕೊಂಬು ತಿನ್ನಕ್ಕಾಗತ್ತಾ?"

ಕಿಂಬಲ್ ದಂಪತಿ ನೆಲ ನೋಡಿದರು. ಅತ್ತೆ ಹೇಳಿದ್ದು ಸರಿಯೇ ಇತ್ತು, ತಾನು ಹೇಳಿದ್ದೂ ತಪ್ಪಲ್ಲ ಎಂದು ಲವಾನ್‌ಗೆ ಗೊತ್ತಿತ್ತು.

ಡೆಲ್ಮರ್ ಆ ಜಗಳಕ್ಕೆ ಬರಲಿಲ್ಲ. ಓಪಲ್‌ಳ ಟ್ರ್ಯಾಕ್ಟರ್ ತಂದು, ಅದರ ಮುಂದಿನ ಮಣ್ಣೆತ್ತುವ ಬುಟ್ಟಿಗೆ ಜಿಂಕೆಯನ್ನು ತಲೆಕೆಳಗಾಗಿ ನೇತುಹಾಕಿದ. ಹೊಟ್ಟೆ ಬಗೆದ. ಚರ್ಮ ಸುಲಿಯಲು ಲವಾನ್ ಎದ್ದಾಗ ಅವಳ ಕೈ ನೋಡಿ, ಕೂರು ಎಂದು ಸನ್ನೆ ಮಾಡಿ ತಾನೇ ಸುಲಿದ. ಪ್ರೆಸ್ಟನ್ ಬೇಲಿಯ ಆಚೆ ನಿಂತೇ ಇದ್ದ, ಕಣ್ಣು ಕೊಂಬಿನ ಮೇಲೆ. ಬಹುಶಃ ಇನ್ನೊಂದು ಮೊತ್ತ ಯೋಚಿಸುತ್ತಿದ್ದ.

ಡೆಲ್ಮರ್ ಮೊದಲು ಒಂದು ಹಿಂದಿನ ತೊಡೆ ಬಿಡಿಸಿದ. ಅದನ್ನು ಹೊತ್ತು ಬೇಲಿಯ ಬಳಿಗೆ ಹೋಗಿ, ಮೂಲೆಯ ದಪ್ಪ ಕಂಬದ ಮೇಲೆ ಇಟ್ಟ. ಅರವತ್ತು ವರ್ಷದ ಅಭ್ಯಾಸ. ಯಾರ ನೆಲದಲ್ಲಿ ಜಿಂಕೆ ಬೀಳುತ್ತದೋ ಅವರಿಗೆ ಮೊದಲ ತೊಡೆ. ಪ್ರೂಯಿಟ್ ಮುದುಕನಿಗೂ ಹಾಗೇ ಕೊಡುತ್ತಿದ್ದರು, ಅವನ ಅಪ್ಪನಿಗೂ.

"ತಗೊಳ್ಳಪ್ಪಾ," ಎಂದ ಡೆಲ್ಮರ್. "ನಿಂದು."

"ನಂದಾ? ಯಾಕೆ?" ಎಂದ ಪ್ರೆಸ್ಟನ್.

"ನಿನ್ನ ನೆಲದಲ್ಲಿ ಬಿತ್ತಲ್ಲ. ಜಗಳ ಜಗಳ, ಪಾಲು ಪಾಲು. ಈರುಳ್ಳಿ ಜಾಸ್ತಿ ಹಾಕಿ ಸಣ್ಣ ಉರೀಲಿ ಬೇಯ್ಸು."

ಪ್ರೆಸ್ಟನ್ ತೊಡೆಯನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಅವನ ಮುಖದಲ್ಲಿ ಮೊದಲ ಸಲ ಮುಜುಗರ ಕಂಡಿತು.

"ಇಲ್ಲ, ಥ್ಯಾಂಕ್ಸ್. ನಾನು ಜಿಂಕೆ ತಿನ್ನಲ್ಲ. ನಮ್ಮನೇಲಿ ಯಾರೂ ತಿನ್ನಲ್ಲ. ಆ ವಾಸನೆ ಆಗಲ್ಲ."

ಕಿಂಬಲ್ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಪಲ್ ಬಾಯಿ ತೆರೆದವಳು ಮುಚ್ಚಲು ಮರೆತಳು.

ಲವಾನ್ ಎದ್ದು ಬೇಲಿಯ ಹತ್ತಿರ ಬಂದಳು. ಮುಖದ ಮೇಲೆ ಮಣ್ಣು ಒಣಗಿತ್ತು.

"ಹಾಗಾದ್ರೆ ಇಲ್ಲಿಗೆ ಯಾಕಪ್ಪಾ ಬಂದೆ?"

ಅಣಕಿಸಲು ಕೇಳಿದ್ದಲ್ಲ. ಮೂರು ವರ್ಷದಿಂದ ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಪ್ರೆಸ್ಟನ್ ಕೊಂಬಿನ ಕಡೆ ನೋಡಿದ, ತನ್ನ ಒದ್ದೆ ಬೂಟಿನ ಕಡೆ ನೋಡಿದ.

"ರೋಲಂಡ್," ಎಂದಳು ಓಪಲ್. ಮಗನ ಹೆಸರು ಹಿಡಿದು ಅವಳು ಕೂಗಿ ಎರಡೂವರೆ ವರ್ಷವಾಗಿತ್ತು. "ಅಲ್ಲೇನು ಕಂಬದ ಥರ ನಿಂತಿದೀಯ? ಆ ತೊಡೆ ಎತ್ಕೊಂಡು ಈಚೆ ಬಾರೋ. ಸಾರು ಆರ್ತಾ ಇದೆ."

ರೋಲಂಡ್ ಜಾಕೆಟ್ಟಿನ ಜೇಬಿನಿಂದ ಗೇಟಿನ ಕೀಲಿಗೊಂಚಲು ತೆಗೆದ. ತೊಡೆಯನ್ನು ಹೆಗಲಿಗೇರಿಸಿ, ಅದು ಇದ್ದ ಜಾಗದಲ್ಲಿ ಕೀಲಿಗಳನ್ನಿಟ್ಟು, ಬೇಲಿ ದಾಟಿದ.